ರೌಂಡ್ಸ್‌ನಲ್ಲಿ ಬೈಗುಳ, ಫಾರಂನಲ್ಲಿ 7 ಮಾರ್ಕ್ಸ್: ಪಿಜಿಗಳಿಗೆ ಸರಿ-ತಪ್ಪು ಹೇಳೋರು ಯಾರು?

ರಾತ್ರಿಪಾಳಿ
(ಸೆಕೆಂಡ್ ಇಯರ್ ಪಿಜಿ, ಅಂದರೆ ಎಂಬಿಬಿಎಸ್ ಆದ ಮೇಲಿನ ಸ್ನಾತಕೋತ್ತರ ವಿದ್ಯಾರ್ಥಿ; ಓಬಿಜಿ, ಅಂದರೆ ಹೆರಿಗೆ-ಸ್ತ್ರೀರೋಗ ವಿಭಾಗ; ಕಲಬುರಗಿ)

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಹೆಸರು ಹೇಳಲ್ಲ, ನೀವೂ ಊಹಿಸಲು ಹೋಗಬೇಡಿ. ಇಲ್ಲಿ ಸೇಡಂ ರೋಡಿನ ಚಹಾ ಅಂಗಡಿಗೆ ಸಂಜೆಯೊಳಗೆ ಎಲ್ಲ ಸುದ್ದಿ ಮುಟ್ಟುತ್ತದೆ.

ವಿಷಯ ಇಷ್ಟೇ. ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಫೀಡ್‌ಬ್ಯಾಕ್ ಅಂದರೆ ಎರಡೇ ಥರ. ಒಂದು, ಬೆಳಗಿನ ರೌಂಡ್ಸ್‌ನಲ್ಲಿ ಪೇಷಂಟ್, ಅವರ ಅತ್ತೆ, ಇಂಟರ್ನಿಗಳು, ಆಯಾ ಎಲ್ಲರ ಮುಂದೆ "ನಿನಗೆ ಸೀಟು ಕೊಟ್ಟವರು ಯಾರು?" ಅನ್ನೋದು. ಇನ್ನೊಂದು, ಮೂರು ತಿಂಗಳಿಗೊಮ್ಮೆ ತುಂಬುವ ಅಪ್ರೈಸಲ್ ಫಾರಂ. ಅದರಲ್ಲಿ ಮೇಲಿಂದ ಕೆಳಗಿನವರೆಗೆ 7. ಬೈದವರೇ 7 ಕೊಟ್ಟಿರುತ್ತಾರೆ! ಇವೆರಡರ ನಡುವೆ ಏನೂ ಇಲ್ಲ.

ಬೈಗುಳದ ಬಗ್ಗೆ ಅಳೋಕೆ ಬಂದಿಲ್ಲ. ಅದು ಅಭ್ಯಾಸ ಆಗಿದೆ. ನನ್ನ ಕಷ್ಟ ಬೇರೆ. ಹೆರಿಗೆ ಮಾಡಿಸ್ತೇನೆ, ಹೊಲಿಗೆ ಹಾಕ್ತೇನೆ, ಸಿಸೇರಿಯನ್‌ಗೆ ಅಸಿಸ್ಟ್ ಮಾಡ್ತೇನೆ. ನನ್ನ ಕೈ ಸುಧಾರಿಸ್ತಿದೆಯಾ, ಅಥವಾ ಒಂದೇ ತಪ್ಪನ್ನ ಈಗ ಬೇಗ ಬೇಗ ಮಾಡೋದು ಕಲಿತಿದ್ದೇನಾ? ಅದೇ ಗೊತ್ತಾಗ್ತಿಲ್ಲ. ಮೇಡಂ ಹತ್ತಿರ ಹೋಗಿ ಕೇಳೋಣ ಅಂದರೆ "ಅಷ್ಟೂ ಗೊತ್ತಿಲ್ವಾ" ಅಂತಾರೆ. ಕೇಳದೇ ಇದ್ದರೆ "ಆಸಕ್ತಿಯೇ ಇಲ್ಲ" ಅಂತಾರೆ.

ಕಲಬುರಗಿ, ಬೀದರ್, ಯಾದಗಿರಿ ಕಡೆ ಪಿಜಿ ಮಾಡಿದವರು, ಮಾಡಿಸ್ತಿರೋರು ಹೇಳಿ. ಹೇಗೆ ಕೇಳಬೇಕು?

—

ಕೋಟೆ_ಸರ್ಜನ್
(ಬೀದರ್)

ತಂಗೀ, ನಾನು ಹಳೇ ಕಾಲದವನು, ಸ್ವಲ್ಪ ಒರಟು ಮಾತು. ನಮ್ಮ ಕಾಲದಲ್ಲಿ ಆರ್ಟರಿ ಫೋರ್ಸೆಪ್ಸ್‌ನ ಹಿಡಿಕೆ ಸೀದಾ ಬೆರಳ ಗಂಟಿನ ಮೇಲೆ ಬೀಳುತ್ತಿತ್ತು. ನೋವು ಅಂತ ಯಾರೂ ಅನ್ನಲಿಲ್ಲ. ಹೊಲಿಗೆಯ ಗಂಟು ಸಡಿಲ ಆಗಿತ್ತು, ಏಟು ಬಿತ್ತು, ಮರುದಿನ ಗಂಟು ಬಿಗಿ ಆಯ್ತು. ಅಷ್ಟೇ ಫೀಡ್‌ಬ್ಯಾಕ್.

ಈಗಿನ ಹುಡುಗರಿಗೆ ಧ್ವನಿ ಸ್ವಲ್ಪ ಏರಿಸಿದರೆ "ಟಾಕ್ಸಿಕ್ ಸರ್". ಏನೂ ಹೇಳದೇ ಬಿಟ್ಟರೆ "ಸರ್ ಕಲಿಸಲ್ಲ". ಓಪಿಡಿ ಮುಗಿಯೋ ಹೊತ್ತಿಗೆ ಮೂರು ಗಂಟೆ. ಆಮೇಲೆ ಅಡ್ಮಿಶನ್, ಎಂಎಲ್‌ಸಿ (ಪೊಲೀಸ್ ಕೇಸ್), ಇನ್‌ಸ್ಪೆಕ್ಷನ್ ಕಾಗದ. ಒಬ್ಬೊಬ್ಬ ಪಿಜಿಯನ್ನ ಕೂಡಿಸಿಕೊಂಡು "ನಿನಗೆ ಹೇಗನ್ನಿಸಿತು ಮಗಾ" ಅಂತ ಕೇಳೋಕೆ ಟೈಮ್ ಎಲ್ಲಿದೆ?

ಒಂದು ಮಾತು ನೆನಪಿಡು. ಬೈಯುವವರು ನಿನ್ನನ್ನ ನೋಡ್ತಿದ್ದಾರೆ ಅಂತ ಅರ್ಥ. ಭಯ ಪಡಬೇಕಾದ್ದು ಏನೂ ಅನ್ನದೇ ಸಹಿ ಹಾಕಿ ಹೋಗುವವರಿಗೆ.

—

ತೊಗರಿಕಣಜ
(ಮೆಡಿಸಿನ್ ಎಸ್‌ಆರ್, ಅಂದರೆ ಪಿಜಿ ಮುಗಿಸಿದ ಸೀನಿಯರ್ ರೆಸಿಡೆಂಟ್)

ಸರ್, ಕೊನೆಯ ಮಾತು ಒಪ್ಪಿದೆ. ಉಳಿದದ್ದು ಒಪ್ಪಲ್ಲ. ಯಾಕೆ ಅಂತ ಕಣ್ಣಾರೆ ನೋಡಿದ್ದೊಂದು ಹೇಳ್ತೇನೆ.

ನಮ್ಮ ಕಡೆ ಕ್ಯಾಜುವಲ್ಟಿಗೆ ಎಣ್ಣೆ ಕುಡಿದು ಬರೋರು ಎಷ್ಟು ಅಂತ ನಿಮಗೆ ಹೇಳಬೇಕಿಲ್ಲ. ಎಣ್ಣೆ ಅಂದರೆ ಹತ್ತಿ, ತೊಗರಿಗೆ ಹೊಡೆಯುವ ಕೀಟನಾಶಕ. ಒಂದು ರಾತ್ರಿ ಅಂಥದ್ದೇ ಕೇಸ್. ಫಸ್ಟ್ ಇಯರ್ ಹುಡುಗ ಆ ವಿಷಕ್ಕೆ ಮದ್ದಾದ ಅಟ್ರೋಪಿನ್ ಕೊಡ್ತಿದ್ದ, ಟಾರ್ಚ್ ಹಿಡಿದು ಕಣ್ಣಿನ ಪಾಪೆಯನ್ನೇ ನೋಡ್ತಿದ್ದ. ಮೊದಲು ಬಂದ ಸೀನಿಯರ್ "ಏನಪ್ಪಾ, ಸಾಯಿಸ್ತೀಯಾ ಅವನನ್ನ? ಓದಿಕೊಂಡು ಬಾ ಹೋಗು" ಅಂತ ಹೇಳಿ ಹೋದರು. ಹುಡುಗನ ಕೈ ನಡುಗೋಕೆ ಶುರುವಾಯ್ತು. ತಪ್ಪು ಎಲ್ಲಿ ಅಂತ ಅವನಿಗೆ ಗೊತ್ತಾಗಲೇ ಇಲ್ಲ. ಪಾಪೆ ನೋಡೋದನ್ನ ಇನ್ನೂ ಜೋರು ಮಾಡಿದ.

ಸ್ವಲ್ಪ ಹೊತ್ತಿಗೆ ನಮ್ಮ ಯೂನಿಟ್ ಸರ್ ಬಂದರು. ಟಾರ್ಚ್ ತೆಗೆದು ಜೇಬಿಗೆ ಹಾಕಿಕೊಂಡರು. "ಪಾಪೆ ಬಿಡು, ಅದು ತಡವಾಗಿ ಬದಲಾಗುತ್ತೆ. ಎದೆ ಕೇಳು. ಗೊರಗೊರ ಇದೆಯಾ? ಇದೆ. ಹಾಗಾದರೆ ಐದು ನಿಮಿಷಕ್ಕೆ ಡೋಸ್ ಎರಡರಷ್ಟು ಮಾಡು. ಮತ್ತೆ ಎದೆ ಕೇಳು. ಕಂಕುಳು ಒಣಗಿದೆಯಾ ಮುಟ್ಟಿ ನೋಡು. ಬಿಪಿ, ಪಲ್ಸ್ ಬರಿ." ಅಷ್ಟೇ. ದನಿ ಏರಿಸಲಿಲ್ಲ, ಹೊಗಳಲೂ ಇಲ್ಲ. ಬೆಳಿಗ್ಗೆ ಹೋಗುವಾಗ ಇನ್ನೊಂದು ಮಾತು: "ಎದೆ ತಿಳಿಯಾದ ಮೇಲೂ ಅದೇ ಜೋರಲ್ಲಿ ಅಟ್ರೋಪಿನ್ ಹಾಕ್ತಾ ಹೋದರೆ ರೋಗಿ ಬಡಬಡಿಸ್ತಾನೆ, ಜ್ವರ ಬರುತ್ತೆ, ಹೊಟ್ಟೆ ಉಬ್ಬುತ್ತೆ. ನಿಲ್ಲಿಸೋದನ್ನೂ ಕಲಿ."

ಇಬ್ಬರೂ ಅದೇ ಹುಡುಗನನ್ನ ನೋಡಿದರು ಸರ್. ಮೊದಲನೆಯವರು ಅವನು ಎಂಥವನು ಅಂತ ಹೇಳಿದರು. ಎರಡನೆಯವರು ಮುಂದಿನ ಐದು ನಿಮಿಷ ಏನು ಮಾಡಬೇಕು ಅಂತ ಹೇಳಿದರು. ಎರಡನೆಯವರಿಗೆ ಟೈಮ್ ಜಾಸ್ತಿ ಹಿಡಿಯಿತಾ? ಇಲ್ಲ.

—

ಸೂಸಲಾ_ಮಿರ್ಚಿ

ಮೊದಲನೇ ಸರ್ ಸಿಟ್ಟು ಅವರ ಎಚ್‌ಓಡಿ, ಅಂದರೆ ವಿಭಾಗದ ಮುಖ್ಯಸ್ಥರಿಂದ ಇಳಿದು ಬಂದಿರಬೇಕು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಮ್ಮಲ್ಲಿ ಎಮ್ಮೆ ಯಾವಾಗಲೂ ಫಸ್ಟ್ ಇಯರ್.

—

ಲಾಗ್‌ಬುಕ್_ಹುಳು
(ಪೀಡಿಯಾಟ್ರಿಕ್ಸ್, ಹೋದ ವರ್ಷ ಪಾಸ್‌ಔಟ್)

ಬೈಗುಳದ ಚರ್ಚೆ ನಡೀಲಿ. ನಾನು ಆ 7 ಮಾರ್ಕ್ಸ್ ಕಡೆ ಬರ್ತೇನೆ. ಅಲ್ಲಿ ಒಂದು ಮಜಾ ಇದೆ.

ಆ ಫಾರಂ ಕಾಲೇಜಿನವರು ಕೂತು ಮಾಡಿದ್ದಲ್ಲ. ಎನ್‌ಎಂಸಿ, ಅಂದರೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಿಜಿ ಪಠ್ಯಕ್ರಮದ ಕೊನೆಯಲ್ಲಿ ಅನುಬಂಧವಾಗಿ ಇದೆ. 1ರಿಂದ 3 ತೃಪ್ತಿಕರ ಅಲ್ಲ, 4ರಿಂದ 6 ತೃಪ್ತಿಕರ, 7ರಿಂದ 9 ಅದಕ್ಕಿಂತ ಮೇಲೆ. ಜರ್ನಲ್ ಓದು, ರೋಗಿಗಳ ಜೊತೆಗಿನ ಕೆಲಸ, ಸ್ವಂತ ಕಲಿಕೆ, ಡಿಪಾರ್ಟ್‌ಮೆಂಟಿನ ಚಟುವಟಿಕೆ, ಥೀಸಿಸ್, ಲಾಗ್ ಬುಕ್, ಹೀಗೆ ಸಾಲು. ಕೆಳಗೆ ಷರಾ ಬರೆಯೋಕೆ ಜಾಗ. ಅದರ ಪಕ್ಕದ ಸಣ್ಣ ಅಕ್ಷರಗಳನ್ನ ಯಾರೂ ಓದಲ್ಲ. ಯಾವುದೇ ಸಾಲಿನಲ್ಲಿ 4ಕ್ಕಿಂತ ಕಡಿಮೆ ಕೊಟ್ಟರೆ ಸುಧಾರಣೆಗೆ ಏನು ಮಾಡಬೇಕು ಅಂತ ಸೂಚಿಸಲೇಬೇಕು ಅಂತಿದೆ. ಪ್ರತಿ ವಿದ್ಯಾರ್ಥಿಗೂ ಬೇರೆಯಾಗಿ ಫೀಡ್‌ಬ್ಯಾಕ್ ಕೊಡಬೇಕು ಅಂತ ಒತ್ತಿ ಶಿಫಾರಸು ಮಾಡಿದ್ದೂ ಅಲ್ಲೇ ಇದೆ.

ಈಗ ಲೆಕ್ಕ ಹಾಕಿ. 3 ಕೊಟ್ಟರೆ ಗೈಡ್‌ಗೆ ಕೆಲಸ ಬೀಳುತ್ತೆ. ಏನು ಕೊರತೆ, ಏನು ಪರಿಹಾರ, ಯಾವಾಗ ಮತ್ತೆ ನೋಡ್ತೇವೆ, ಎಲ್ಲ ಬರೀಬೇಕು. ನಾಳೆ ಯಾರಾದರೂ "ನೀವೇನು ಕಲಿಸಿದಿರಿ" ಅಂತ ತಿರುಗಿ ಕೇಳಬಹುದು. 7 ಕೊಟ್ಟರೆ ಒಂದು ಸಹಿ ಸಾಕು. ಪಿಜಿಗೂ ಖುಷಿ, ಫೈಲಿಗೂ ಖುಷಿ. ಹಾಗಾಗಿ ಆ 7 ನಿಮ್ಮ ಬಗ್ಗೆ ಏನೂ ಹೇಳಲ್ಲ.

ನಾನು ಮಾಡ್ತಿದ್ದದ್ದು ಇಷ್ಟು. ಫಾರಂ ತಗೊಂಡು ಹೋಗುವಾಗ ಷರಾ ಕಾಲಂ ತೋರಿಸಿ "ಸರ್, ಇಲ್ಲಿ ಒಂದೇ ಸಾಲು ಬರೀರಿ, ಮುಂದಿನ ಮೂರು ತಿಂಗಳು ನಾನು ಯಾವುದನ್ನ ಸುಧಾರಿಸಬೇಕು ಅಂತ" ಅಂತಿದ್ದೆ. ಮಾರ್ಕ್ಸ್ ಕೇಳಲಿಲ್ಲ, ಸಾಲು ಕೇಳಿದೆ. ಒಬ್ಬರು ನಕ್ಕರು. ಒಬ್ಬರು ಬರೆದರು: "ತಾಯಂದಿರ ಜೊತೆ ಮಾತಾಡುವಾಗ ಕೇಸ್ ಶೀಟ್ ನೋಡ್ತಾನೆ, ಮುಖ ನೋಡಲ್ಲ." ಮೂರು ವರ್ಷದಲ್ಲಿ ಸಿಕ್ಕ ಉಪಯೋಗದ ಫೀಡ್‌ಬ್ಯಾಕ್ ಅದೇ.

—

ರಾತ್ರಿಪಾಳಿ

ಈಗಷ್ಟೇ ನನ್ನ ಹಳೇ ಫಾರಂಗಳನ್ನ ತೆಗೆದು ನೋಡಿದೆ. ನಿಜ, ಆ ಸಾಲು ಇದೆ! ಷರಾ ಜಾಗದಲ್ಲಿ ಎಲ್ಲ ಕಡೆ "ಗುಡ್". ಒಂದರಲ್ಲಿ ಬರೀ ಟಿಕ್ ಮಾರ್ಕ್.

—

ಸಿಸ್ಟರ್_ಯಾದಗಿರಿ
(ಲೇಬರ್ ರೂಮ್)

ಡಾಕ್ಟ್ರುಗಳ ನಡುವೆ ನಾನು ಮಾತಾಡಬಹುದಾ? ಆಡ್ತೇನೆ ಬಿಡಿ. ನೀವೆಲ್ಲ ಫೀಡ್‌ಬ್ಯಾಕ್ ಅಂದರೆ ಮೇಲಿನಿಂದ ಬರೋದು ಅಂತಲೇ ಹೇಳ್ತಿದ್ದೀರಿ. ರಾತ್ರಿ ಎರಡು ಗಂಟೆಗೆ ನಿಮ್ಮ ಪ್ರೊಫೆಸರ್ ಎಲ್ಲಿರ್ತಾರೆ? ಪಕ್ಕದಲ್ಲಿ ಇರೋಳು ನಾನು.

ಫಿಟ್ಸ್ ಬಂದ ಬಾಣಂತಿ, ಬಸುರಿ ನಮ್ಮ ಕಡೆ ಅಪರೂಪ ಅಲ್ಲ. ತಾಂಡಾದಿಂದ, ದೂರದ ಹಳ್ಳಿಯಿಂದ ತಡವಾಗಿ ಬರ್ತಾರೆ. ಫಿಟ್ಸ್ ತಡೆಯೋ ಮ್ಯಾಗ್‌ಸಲ್ಫ್ ಇಂಜೆಕ್ಷನ್ ಶುರು ಆಗುತ್ತೆ. ನಾಲ್ಕು ಗಂಟೆಗೊಮ್ಮೆ ಮುಂದಿನ ಡೋಸ್. ಹೊಸ ಪಿಜಿ ಬಂದು "ಸಿಸ್ಟರ್, ಡೋಸ್ ಕೊಡಿ" ಅಂದರೆ ನಾನು ಸಿರಿಂಜ್ ಹಿಡಿದು ಸುಮ್ನೆ ನಿಲ್ಲುತ್ತೇನೆ. "ಡಾಕ್ಟ್ರೇ, ಮೊಣಕಾಲು ತಟ್ಟಿ ನೋಡಿದ್ರಾ? ಉಸಿರು ನಿಮಿಷಕ್ಕೆ ಎಷ್ಟು? ಯೂರಿನ್ ಬ್ಯಾಗಲ್ಲಿ ಎಷ್ಟು ಬಂದಿದೆ?" ರಿಫ್ಲೆಕ್ಸ್ ಇರಬೇಕು, ಉಸಿರು 16ಕ್ಕಿಂತ ಕಡಿಮೆ ಇರಬಾರದು, ಯೂರಿನ್ ಗಂಟೆಗೆ 30 ಎಂಎಲ್ ಆದರೂ ಬರಬೇಕು. ಇವು ಮೂರೂ ಸರಿ ಇಲ್ಲದೇ ಡೋಸ್ ಇಲ್ಲ. ಮ್ಯಾಗ್‌ಸಲ್ಫ್ ಹೆಚ್ಚಾದರೆ ಕೊಡೋ ಕ್ಯಾಲ್ಸಿಯಂ ಗ್ಲುಕೋನೇಟ್ ಟ್ರೇಯಲ್ಲಿ ಇದೆಯಾ ಅಂತಲೂ ಕೇಳ್ತೇನೆ.

ಇದು ಫೀಡ್‌ಬ್ಯಾಕ್ ಅಲ್ವಾ? ಕೆಲವರು "ಥ್ಯಾಂಕ್ಸ್ ಸಿಸ್ಟರ್" ಅಂತ ಹ್ಯಾಮರ್ ತಗೊಂಡು ಹೋಗ್ತಾರೆ. ಕೆಲವರ ಮುಖ ಗಂಟಾಗುತ್ತೆ, "ಡಾಕ್ಟರ್ ನಾನಾ, ನೀವಾ?" ಎರಡನೇ ಥರದವರಿಗೆ ನಾವು ಮುಂದೆ ಏನೂ ಹೇಳಲ್ಲ, ಡೋಸ್ ತಡೆಯಬೇಕಾದಾಗ ಬಿಟ್ಟು. ಬಾಕಿ ಸಣ್ಣಪುಟ್ಟದ್ದೆಲ್ಲ ಅವರಿಗೆ ಸಿಗದೇ ಹೋಗುತ್ತೆ. ರಾತ್ರಿಪಾಳಿ ಅಕ್ಕಾ, ನಿಮ್ಮ ಲೇಬರ್ ರೂಮಿನ ಹಿರಿಯ ಸಿಸ್ಟರ್‌ನ ಕೇಳಿದ್ದೀರಾ, ನಿಮ್ಮ ಕೈ ಹೇಗಿದೆ ಅಂತ? ಅವರು ನೋಡಿದಷ್ಟು ನಿಮ್ಮ ಮೇಡಂ ಕೂಡ ನೋಡಿಲ್ಲ.

—

ಮಾಸ್ತರ್_ಶಹಾಪುರ

ನಾನು ಡಾಕ್ಟರ್ ಅಲ್ಲ, ಪ್ರೈಮರಿ ಶಾಲೆ ಮಾಸ್ತರ. ರೋಗಿ ಕಡೆಯವನಾಗಿ ಒಂದು ಮಾತು.

ನಮ್ಮ ಮಾವನವರನ್ನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದೆವು. ಒಬ್ಬ ಹುಡುಗ ಡಾಕ್ಟರ್ ದಿನಾ ಬಂದು ನೋಡ್ತಿದ್ದರು. ಚೆನ್ನಾಗಿ ಮಾತಾಡಿಸ್ತಿದ್ದರು. "ಊಟ ಆಯ್ತೇನ್ರಿ ಅಜ್ಜಾ" ಅಂತ ಕೇಳಿಯೇ ಬಿಪಿ ಪಟ್ಟಿ ಕಟ್ಟುತ್ತಿದ್ದರು. ಒಂದು ದಿನ ದೊಡ್ಡ ಡಾಕ್ಟರ್ ರೌಂಡ್ಸ್‌ಗೆ ಬಂದರು. ಏನೋ ರಿಪೋರ್ಟ್ ಬಂದಿರಲಿಲ್ಲ. ನಮ್ಮ ಮಂಚದ ಮುಂದೆಯೇ ಆ ಹುಡುಗನಿಗೆ ಇಂಗ್ಲಿಷ್‌ನಲ್ಲಿ ಬೈದರು. ಇಂಗ್ಲಿಷ್ ಮಾವನಿಗೆ ತಿಳಿಯಲ್ಲ, ಆದರೆ ಬೈಗುಳ ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತೆ.

ಅವರು ಆಚೆ ಹೋದ ಮೇಲೆ ಮಾವ ಅಂದರು: "ಇವನಿಗೆ ಏನೂ ಬರಂಗಿಲ್ಲ ಅಂತ ಅವರ ಸಾಹೇಬರೇ ಹೇಳ್ಯಾರ. ನಡೀರಿ ಸೊಲ್ಲಾಪುರಕ್ಕ." ಎಷ್ಟು ಹೇಳಿದರೂ ಕೇಳಲಿಲ್ಲ. ಮರುದಿನ ಸಹಿ ಮಾಡಿ ಹೊರಟೆವು. ಸೊಲ್ಲಾಪುರದಲ್ಲಿ ಕೊಟ್ಟದ್ದೂ ಅದೇ ಔಷಧಿ, ಚೀಟಿ ಪಕ್ಕ ಇಟ್ಟು ನೋಡಿದೆ. ಖರ್ಚು ಮಾತ್ರ ಬೇರೆ.

ನಮ್ಮ ಭಾಗದ ಜನ ಮಾತೆತ್ತಿದರೆ ಸೊಲ್ಲಾಪುರ, ಹೈದರಾಬಾದ್ ಅಂತ ಓಡ್ತಾರೆ, ಇಲ್ಲಿನ ಆಸ್ಪತ್ರೆ ನಂಬಲ್ಲ ಅಂತ ನೀವು ಡಾಕ್ಟರುಗಳು ಬೇಜಾರು ಮಾಡ್ಕೋತೀರಿ. ನಂಬಿಕೆ ಹೋಗೋದಕ್ಕೆ ಬೇರೆ ಕಾರಣಗಳೂ ಇವೆ, ಒಪ್ಪುತ್ತೇನೆ. ಆದರೆ ನಮ್ಮ ಕಣ್ಣೆದುರೇ ನೀವೇ ನಿಮ್ಮವರ ಮಾನ ಕಳೆದರೆ ನಾವು ಯಾರನ್ನ ನಂಬಬೇಕು?

ಶಾಲೆಯಲ್ಲಿ ನಮಗೂ ಇನ್‌ಸ್ಪೆಕ್ಷನ್ ಇರುತ್ತೆ. ಒಳ್ಳೆಯ ಸಾಹೇಬರು ಮಕ್ಕಳ ಮುಂದೆ ಏನೂ ಅನ್ನಲ್ಲ. ಆಫೀಸ್ ರೂಮಿಗೆ ಕರೆದು ಹೇಳ್ತಾರೆ, ಅಲ್ಲಿ ಬೇಕಾದಷ್ಟು ಹೇಳ್ತಾರೆ!

—

ಕೋಟೆ_ಸರ್ಜನ್

ಮಾಸ್ತರೇ, ನಿಮ್ಮ ಮಾತು ತಟ್ಟಿತು. ಮಂಚದ ಪಕ್ಕ ಬೈಯಬಾರದು ಅನ್ನೋದು ಸರಿ. ಅದಕ್ಕೆ ನನ್ನ ತಕರಾರಿಲ್ಲ. ಕಾರಿಡಾರ್ ಇರೋದೇ ಅದಕ್ಕೆ.

ಆದರೆ ಓಟಿ (ಆಪರೇಷನ್ ಥಿಯೇಟರ್) ಬೇರೆ. ಅದನ್ನ ಈ ಹೊಸ ಹುಡುಗರು ತಿಳೀಬೇಕು. ದೂರ್ಬೀನಿನಲ್ಲಿ ಪಿತ್ತಕೋಶ ತೆಗೆಯುವಾಗ ಕ್ಲಿಪ್ ಸಿಸ್ಟಿಕ್ ಡಕ್ಟ್ (ಪಿತ್ತಕೋಶದ ನಾಳ) ಬಿಟ್ಟು ಕಾಮನ್ ಬೈಲ್ ಡಕ್ಟ್ (ಮುಖ್ಯ ಪಿತ್ತನಾಳ) ಕಡೆಗೆ ಸರಿದರೆ ನಾನು "ಡಾಕ್ಟರ್, ನಿಮ್ಮ ಪ್ರಯತ್ನ ಚೆನ್ನಾಗಿದೆ, ಆದರೂ" ಅಂತ ಶುರು ಮಾಡಲಾ? "ನಿಲ್ಲು! ಕೈ ತೆಗಿ!" ಅಂತ ಕೂಗ್ತೇನೆ. ಆ ನಾಳಕ್ಕೆ ಪೆಟ್ಟು ಬಿದ್ದರೆ ಆ ಮನುಷ್ಯ ಬದುಕೆಲ್ಲ ಅನುಭವಿಸಬೇಕು.

ತೊಗರಿಕಣಜ ಹೇಳಿದ ಹಾಗೆ, ಕೂಗಿದ ಮೇಲೆ ಏನು ಅನ್ನೋದು ಮುಖ್ಯ ಇರಬಹುದು. ನಾನು ಕೇಸ್ ಮುಗಿದ ಮೇಲೆ ಗೌನ್ ಬಿಚ್ಚುವ ಜಾಗದಲ್ಲಿ ರೆಕಾರ್ಡಿಂಗ್ ತೋರಿಸ್ತೇನೆ. "ಇಲ್ಲಿ ನೋಡು, ಈ ತ್ರಿಕೋನದ ಕೊಬ್ಬು ಪೂರ್ತಿ ಬಿಡಿಸದೇ ಕ್ಲಿಪ್ ಕೇಳಿದೆ. ಪಿತ್ತಕೋಶಕ್ಕೆ ಹೋಗುವ ಎರಡೇ ಎರಡು ನಾಳ ಕಂಡ ಮೇಲೆ ಕ್ಲಿಪ್ ಕೇಳು." ವಿಡಿಯೋ ಸುಳ್ಳು ಹೇಳಲ್ಲ, ಹುಡುಗನೂ ವಾದ ಮಾಡಲ್ಲ. ಇದನ್ನ ಫೀಡ್‌ಬ್ಯಾಕ್ ಅಂತ ಕರೀತಾರೆ ಅಂತ ಈಗ ಗೊತ್ತಾಯ್ತು ನೋಡಿ.

—

ಚಾಕ್‌ಪೀಸ್
(ಅಸಿಸ್ಟೆಂಟ್ ಪ್ರೊಫೆಸರ್, ಕಲಬುರಗಿ)

ಇಷ್ಟು ಹೊತ್ತು ಓದ್ತಾ ಕೂತಿದ್ದೆ. ಕಲಿಸುವವರ ಕಡೆಯಿಂದ ಸ್ವಲ್ಪ ಹೇಳಬೇಕು.

ನಮಗೆ ಫೀಡ್‌ಬ್ಯಾಕ್ ಕೊಡೋದನ್ನ ಯಾರೂ ಕಲಿಸಿರಲಿಲ್ಲ. ಈಗ ಮೆಡಿಕಲ್ ಕಾಲೇಜಿನಲ್ಲಿ ಕಲಿಸಬೇಕು ಅಂದರೆ ಎನ್‌ಎಂಸಿಯ ಬೇಸಿಕ್ ಕೋರ್ಸ್ ಮಾಡಬೇಕು, ಮೂರು ದಿನದ್ದು. ನಮ್ಮ ಬ್ಯಾಚಿನಲ್ಲಿ ಫೀಡ್‌ಬ್ಯಾಕ್ ಮೇಲೆ ಒಂದು ರೋಲ್ ಪ್ಲೇ ಮಾಡಿಸಿದರು. ಎಲ್ಲರೂ ಚೆನ್ನಾಗಿ ನಟಿಸಿದೆವು. ಸೋಮವಾರ ವಾರ್ಡಿಗೆ ಬಂದು ಮೊದಲಿನ ಹಾಗೇ ಕೂಗಿದೆವು!

ಪುಸ್ತಕದಲ್ಲಿ ದಾರಿಗಳು ಇವೆ. 1984ರಲ್ಲಿ ಬ್ರಿಟನ್ನಿನ ಪೆಂಡಲ್‌ಟನ್ ಮತ್ತು ಜೊತೆಗಾರರು ಒಂದು ಕ್ರಮ ಹೇಳಿದರು. ಮೊದಲು ಕಲಿಯುವವನೇ ಏನು ಚೆನ್ನಾಗಿ ಆಯ್ತು ಅಂತ ಹೇಳಬೇಕು, ಆಮೇಲೆ ಕಲಿಸುವವರು ಅದನ್ನೇ ಹೇಳಬೇಕು. ಆಮೇಲೆ ಏನು ಬದಲಾಗಬೇಕು ಅಂತ ಅವನು, ಕೊನೆಗೆ ಇವರು. ಕೇಳೋಕೆ ಚೆಂದ. ಆದರೆ ದಿನಾ ಅದೇ ಕ್ರಮದಲ್ಲಿ ಹೇಳಿದರೆ ಹೊಗಳಿಕೆ ಶುರುವಾದ ಕೂಡಲೇ ಪಿಜಿ ಮುಖ ಬಿಗಿ ಮಾಡ್ತಾರೆ, "ಈಗ 'ಆದರೆ' ಬರುತ್ತೆ" ಅಂತ. ಹೊಗಳಿಕೆಯನ್ನ ಅವರು ಕೇಳಿಸಿಕೊಳ್ಳೋದೇ ಇಲ್ಲ. ನಾನಂತೂ ಅದನ್ನ ಬಿಟ್ಟೆ. ಹೊಗಳೋದು ಬೇರೆ ದಿನ, ತಿದ್ದೋದು ಬೇರೆ ದಿನ.

ನನಗೆ ಹಿಡಿಸಿದ್ದು ಮಿನಿ-ಸಿಇಎಕ್ಸ್. 1990ರ ದಶಕದಲ್ಲಿ ಅಮೆರಿಕನ್ ಬೋರ್ಡ್ ಆಫ್ ಇಂಟರ್ನಲ್ ಮೆಡಿಸಿನ್‌ನವರು ತಂದದ್ದು. ಪಿಜಿ ಒಬ್ಬ ರೋಗಿಯ ಜೊತೆ ಕಾಲು ಗಂಟೆ, ಇಪ್ಪತ್ತು ನಿಮಿಷ ಕೆಲಸ ಮಾಡುವಾಗ ಪಕ್ಕದಲ್ಲೇ ನಿಂತು ನೋಡೋದು, ಮುಗಿದ ಕೂಡಲೇ ಕೆಲವು ನಿಮಿಷ ಮಾತಾಡೋದು. ಇದರಲ್ಲಿ ಕಷ್ಟದ್ದು ಮಾತಾಡೋದಲ್ಲ, ಸುಮ್ನೆ ನಿಂತು ನೋಡೋದು. ನಾವು ಪಿಜಿ ಕೇಸ್ ಪ್ರೆಸೆಂಟ್ ಮಾಡೋದನ್ನ ಕೇಳ್ತೇವೆ. ಹಿಸ್ಟರಿ ತಗೊಳ್ಳೋದನ್ನ ನೋಡೋದೇ ಇಲ್ಲ. ನೋಡದೇ ಇರೋದಕ್ಕೇ 7 ಕೊಡ್ತೇವೆ, ನೋಡದೇ ಬೈತೇವೆ.

ಇನ್ನೊಂದು. 1996ರಲ್ಲಿ ಕ್ಲೂಗರ್, ಡೆನಿಸಿ ಅನ್ನೋ ಇಬ್ಬರು ಮನಃಶಾಸ್ತ್ರಜ್ಞರು ಫೀಡ್‌ಬ್ಯಾಕ್ ಮೇಲಿನ ಬಹಳಷ್ಟು ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದರು. ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡೆ ಫೀಡ್‌ಬ್ಯಾಕ್ ಆದ ಮೇಲೆ ಕೆಲಸ ಇನ್ನೂ ಕೆಟ್ಟಿತ್ತು. ಗಮನ ಕೆಲಸ ಬಿಟ್ಟು "ನಾನು ಎಂಥವನು" ಅನ್ನೋ ಕಡೆ ತಿರುಗಿದಾಗ ಹೀಗಾಗುತ್ತೆ ಅಂತ ಅವರ ವಿವರಣೆ. ತೊಗರಿಕಣಜ ಹೇಳಿದ ಟಾರ್ಚ್ ಹುಡುಗನ ಕಥೆ ಇದೇ ಅಲ್ವಾ?

ರಾತ್ರಿಪಾಳಿ, ನಿಮ್ಮ ಪ್ರಶ್ನೆಗೆ ಬರ್ತೇನೆ. "ಮೇಡಂ, ಫೀಡ್‌ಬ್ಯಾಕ್ ಕೊಡಿ" ಅಂತ ಕೇಳಬೇಡಿ. ಅದಕ್ಕೆ ಯಾರೇ ಆದರೂ "ಚೆನ್ನಾಗಿ ಮಾಡ್ತಿದ್ದೀಯ, ಇನ್ನೂ ಓದು" ಅಂತಾರೆ. ಕೆಲಸಕ್ಕೆ ಮೊದಲೇ ಒಂದೇ ಒಂದು ವಿಷಯ ಹೇಳಿ ಇಡಿ. "ಮೇಡಂ, ಇವತ್ತು ನನ್ನ ಎಪಿಸಿಯಾಟಮಿ (ಹೆರಿಗೆ ದಾರಿ ಅಗಲಿಸಲು ಹಾಕುವ ಕೊಯ್ತ) ಹೊಲಿಗೆಯಲ್ಲಿ ಮೊದಲನೇ ಹೊಲಿಗೆ ಮಾತ್ರ ನೋಡಿ." ಎರಡು ನಿಮಿಷದ ಕೆಲಸ, ಇಲ್ಲ ಅನ್ನೋದು ಕಷ್ಟ. ಅವರು ಹೇಳುವಾಗ "ಸಾರಿ ಮೇಡಂ" ಅನ್ನಬೇಡಿ. ಸಾರಿ ಅಂದ ಕೂಡಲೇ ಮಾತು ಮುಗಿದುಹೋಗುತ್ತೆ. "ಮುಂದಿನ ಸಲ ಏನು ಬೇರೆ ಮಾಡಲಿ?" ಅಂತ ಕೇಳಿ. ಆವತ್ತೇ ಲಾಗ್ ಬುಕ್‌ನಲ್ಲಿ ಬರೆದಿಡಿ.

—

ಪರವೂರಿನವ
(ಆರ್ಥೋ ಪಿಜಿ, ಆಲ್ ಇಂಡಿಯಾ ಕೋಟಾ)

ನಾನು ಕೇರಳದವನು. ಕನ್ನಡ ಇಲ್ಲಿಗೆ ಬಂದ ಮೇಲೆ ಕಲಿತದ್ದು, ತಪ್ಪಿದ್ದರೆ ಬೈಯಬೇಡಿ (ಬೈದರೂ ಕಾರಿಡಾರಿನಲ್ಲಿ ಬೈಯಿರಿ).

ನನಗೆ ಫೀಡ್‌ಬ್ಯಾಕ್ ಬರ್ತಿದ್ದದ್ದು ತಮಾಷೆಯ ರೂಪದಲ್ಲಿ. ನಾನು ರೋಗಿ ಜೊತೆ ಮಾತಾಡಿದರೆ ಎಲ್ಲರೂ ನಗ್ತಿದ್ದರು, ಯಾಕೆ ಅಂತ ಯಾರೂ ಹೇಳ್ತಿರಲಿಲ್ಲ. ಕೊನೆಗೆ ಹೇಳಿದವರು ಪ್ಲಾಸ್ಟರ್ ರೂಮಿನ ಅಟೆಂಡರ್. "ಸಾಹೇಬ್ರ, ವಯಸ್ಸಾದವರಿಗೆ 'ಬಾ, ಕೂಡು' ಅನಬ್ಯಾಡ್ರಿ. 'ಬರ್ರಿ, ಕೂಡ್ರಿ' ಅನ್ರಿ. ಇಲ್ಲಾಂದ್ರ ಅವರು ನಿಮಗ ನೋವು ಎಲ್ಲಿ ಅಂತ ಸರಿ ಹೇಳಂಗಿಲ್ಲ." ಅಲ್ಲಿಂದ ಓಪಿಡಿ ಬದಲಾಯ್ತು. ಆಮೇಲೆ ಉರ್ದು ಮಾತಾಡೋ ರೋಗಿಗಳಿಗೂ ಅವರೇ ನನ್ನ ಗುರು.

—

ಡಿಆರ್‌ಪಿ_ಮುಗಿಸಿದವ
(ಜನರಲ್ ಮೆಡಿಸಿನ್, ಥರ್ಡ್ ಇಯರ್)

ಡಿಸ್ಟ್ರಿಕ್ಟ್ ರೆಸಿಡೆನ್ಸಿಗೆ (ಪಿಜಿಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡೋ ಡಿಆರ್‌ಪಿಗೆ) ಹೋದವರು ಇನ್ನೂ ಯಾರೂ ಮಾತಾಡಿಲ್ಲ, ಹಾಗಾಗಿ ನಾನು. 2023ರ ಪಿಜಿ ನಿಯಮದ ಪ್ರಕಾರ ಮೂರು ತಿಂಗಳು, ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರ್‌ನಲ್ಲಿ. ಎಲ್ಲರೂ ಇದನ್ನ ಶಿಕ್ಷೆ ಅಂದುಕೊಂಡು ಹೋಗ್ತಾರೆ. ನಾನೂ ಮುಖ ಸಿಂಡರಿಸಿಕೊಂಡೇ ಬಸ್ ಹತ್ತಿದ್ದು.

ಅಲ್ಲಿ ಫಿಜಿಷಿಯನ್ ಒಬ್ಬರೇ. ಪಿಜಿ ನಾನೊಬ್ಬನೇ. ರೌಂಡ್ಸ್ ಅಂದರೆ ಇಬ್ಬರೇ ನಡೆಯೋದು, ಬೈಯೋಕೆ ಪ್ರೇಕ್ಷಕರೇ ಇಲ್ಲ! ಮೊದಲ ವಾರವೇ ಅವರು ಹೇಳಿದ್ದು: "ಡಾಕ್ಟ್ರೇ, ನೀವು ಹಾವು ಕಡಿತದ ಕೇಸಿಗೆ ಕೋಆಗ್ಯುಲೇಷನ್ ಪ್ರೊಫೈಲ್ (ರಕ್ತ ಹೆಪ್ಪುಗಟ್ಟೋ ಟೆಸ್ಟ್) ಬರೀತೀರಿ. ಇಲ್ಲಿ ಆ ಲ್ಯಾಬ್ ರಾತ್ರಿ ಇಲ್ಲ. ಒಣ ಗಾಜಿನ ಟ್ಯೂಬಿಗೆ ಎರಡು ಎಂಎಲ್ ರಕ್ತ ಹಾಕಿ, ಇಪ್ಪತ್ತು ನಿಮಿಷ ಅಲ್ಲಾಡಿಸದೇ ಬಿಡಿ, ಆಮೇಲೆ ಒಂದೇ ಸಲ ಓರೆ ಮಾಡಿ ಹೆಪ್ಪುಗಟ್ಟಿದೆಯಾ ನೋಡಿ. ಪ್ಲಾಸ್ಟಿಕ್ ಬೇಡ, ಸೋಪಿನಲ್ಲಿ ತೊಳೆದ ಟ್ಯೂಬೂ ಬೇಡ." ಇಪ್ಪತ್ತು ನಿಮಿಷ ಅವರೂ ಪಕ್ಕದಲ್ಲೇ ಕೂತರು. ಟ್ಯೂಬ್ ನೋಡ್ತಾ ನಾನು ಬರೆದ ಬೇರೆ ಕೇಸ್ ಶೀಟ್‌ಗಳನ್ನ ಒಂದೊಂದಾಗಿ ತಿರುವಿ ಹಾಕಿದರು. ಆ ಮೂರು ತಿಂಗಳಲ್ಲಿ ನಾನು ಕೇಳಿಸಿಕೊಂಡಷ್ಟು ಉಳಿದ ಎರಡೂವರೆ ವರ್ಷದಲ್ಲಿ ಕೇಳಿಸಿಕೊಂಡಿಲ್ಲ.

ಯಾಕೆ ಅಂತ ಯೋಚನೆ ಮಾಡಿದ್ದೇನೆ. ಅವರು ದೊಡ್ಡ ಟೀಚರ್ ಅಂತೇನಲ್ಲ. ಅವರಿಗೆ ನನ್ನ ಕೆಲಸ ಬೇಕಿತ್ತು. ನಾನು ಸರಿ ಮಾಡಿದರೆ ಅವರಿಗೆ ಆ ರಾತ್ರಿ ನಿದ್ದೆ. ಮೆಡಿಕಲ್ ಕಾಲೇಜಿನಲ್ಲಿ ನಾನು ಸರಿ ಮಾಡದಿದ್ದರೆ ಇನ್ನೊಬ್ಬ ಪಿಜಿ ಇರ್ತಾನೆ.

—

ರಾತ್ರಿಪಾಳಿ

ಚಾಕ್‌ಪೀಸ್ ಸರ್ ಹೇಳಿದ ಹಾಗೆ ಮಾಡಿದೆ. ಮೇಡಂ ಲೇಬರ್ ರೂಮಿಗೆ ಬಂದಾಗ "ಮೊದಲನೇ ಹೊಲಿಗೆ ಮಾತ್ರ ನೋಡಿ ಮೇಡಂ" ಅಂದೆ. ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಲೈಟ್ ಸರಿ ಮಾಡಿಕೊಂಡು ಪಕ್ಕದಲ್ಲಿ ನಿಂತರು.

"ಕೊಯ್ತದ ತುದಿ ಕಂಡಿತು ಅಂತ ಅಲ್ಲೇ ಸೂಜಿ ಹಾಕ್ತಿದ್ದೀಯ. ಬೆರಳು ಒಳಗೆ ಹಾಕಿ ತುದಿ ಮುಟ್ಟು. ಅದಕ್ಕಿಂತ ಒಂದು ಸೆಂಟಿಮೀಟರ್ ಮೇಲಿಂದ ಶುರು ಮಾಡು. ಕತ್ತರಿಸಿದ ರಕ್ತನಾಳ ಹಿಂದಕ್ಕೆ ಸರಿದಿರುತ್ತೆ. ಅದು ಹೊಲಿಗೆಯಲ್ಲಿ ಸಿಗಲಿಲ್ಲ ಅಂದರೆ ರಾತ್ರಿ ಹೆಮಟೋಮಾ (ಒಳಗೆ ರಕ್ತ ಕಟ್ಟಿ ಊತ) ಆಗಿ ನಿನ್ನನ್ನೇ ಎಬ್ಬಿಸ್ತಾರೆ." ಅಷ್ಟೇ ಹೇಳಿ ಹೋದರು. ಇದೇ ಮಾತು ಪುಸ್ತಕದಲ್ಲಿ ಓದಿದ್ದೆ. ಬೆರಳಿನಿಂದ ತುದಿ ಮುಟ್ಟೋದನ್ನ ಓದಿನಿಂದ ಕಲಿಯೋಕೆ ಆಗಲ್ಲ.

ಎರಡು ದಿನ ಬಿಟ್ಟು ಇನ್ನೊಂದು ಕೇಳಿದೆ, "ಈಗ ಟೈಮಿಲ್ಲ" ಅಂದರು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ಇರಲಿಲ್ಲ. ಮೂರು ಸಿಸೇರಿಯನ್ ಸಾಲಿನಲ್ಲಿದ್ದವು. ರೌಂಡ್ಸ್ ಏನೂ ಬದಲಾಗಿಲ್ಲ, ನಿನ್ನೆಯೂ ಬೈಗುಳ ಆಯ್ತು.

ಯಾದಗಿರಿ ಸಿಸ್ಟರ್ ಮಾತನ್ನೂ ಕೇಳಿದೆ. ನಮ್ಮ ಹಿರಿಯ ಸಿಸ್ಟರ್ ನಕ್ಕು "ಕೈ ಚೆನ್ನಾಗಿದೆ, ಬಾಯಿ ಜೋರು. ನೋವು ತಿನ್ನೋ ಹೆಣ್ಣುಮಕ್ಕಳಿಗೆ ಕೂಗ್ತೀರಿ" ಅಂದರು. ರಾತ್ರಿಯೆಲ್ಲ ಅದೇ ತಲೆಯಲ್ಲಿ ಸುತ್ತಿತು. ಮೇಲಿನವರು ನಮಗೆ ಕೂಗ್ತಾರೆ ಅಂತ ಇಲ್ಲಿ ಬಂದು ಬರೀತಿದ್ದೇನೆ!

—

ಸಿಸ್ಟರ್_ಯಾದಗಿರಿ

ಕೇಳಿದ್ದೇ ದೊಡ್ಡದು ಅಕ್ಕಾ. ಆ ಸಿಸ್ಟರ್‌ಗೆ ಒಂದು ಚಹಾ ಕುಡಿಸಿ.

—

ಹಾಸ್ಟೆಲ್_ಮಹಡಿ

ಒಂದು ಗೆರೆ ಎಳೆದುಬಿಡೋಣ. ಕೆಲಸದ ಬಗ್ಗೆ ಕಟುವಾಗಿ ಹೇಳೋದು ಬೇರೆ. ಜಾತಿ ಎತ್ತೋದು, 371ಜೆ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸೀಟು ಅಂತ ಹಂಗಿಸೋದು, ಊಟಕ್ಕೆ ಬಿಡದೇ ಎರಡು ದಿನ ನಿಲ್ಲಿಸೋದು, ಸ್ವಂತ ಕೆಲಸಕ್ಕೆ ಓಡಾಡಿಸೋದು ಬೇರೆ. ಎರಡನೆಯದು ಫೀಡ್‌ಬ್ಯಾಕ್ ಅಲ್ಲ, ಅದನ್ನ ಸಹಿಸಿಕೊಳ್ಳೋ ಕಲೆಯನ್ನ ಯಾರೂ ಕಲಿಸಬೇಕಿಲ್ಲ. ಎನ್‌ಎಂಸಿಯ 2021ರ ರ‍್ಯಾಗಿಂಗ್ ತಡೆ ನಿಯಮ ಪಿಜಿಗಳಿಗೂ ಅನ್ವಯ. ದಿನಾಂಕ, ಟೈಮ್, ಯಾರಿದ್ದರು ಅಂತ ಬರೆದಿಡಿ. ವಾರದ ರಜೆ, ವರ್ಷಕ್ಕೆ 20 ದಿನ ಸಾಂದರ್ಭಿಕ ರಜೆ 2023ರ ನಿಯಮದಲ್ಲೇ ಇದೆ, ಯಾರೂ ದಾನವಾಗಿ ಕೊಡೋದಲ್ಲ.

ನಿದ್ದೆ ಬರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅನ್ನೋ ಹಂತಕ್ಕೆ ಬಂದಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ-ಮಾನಸ್, ಕನ್ನಡದಲ್ಲೂ ಮಾತಾಡಬಹುದು. ಡಾಕ್ಟರ್ ಆದವರು ಕರೆ ಮಾಡಬಾರದು ಅಂತ ಎಲ್ಲೂ ಬರೆದಿಲ್ಲ.

—

ಸೂಸಲಾ_ಮಿರ್ಚಿ

ಸರಿ, ಕೆಳಗಿನಿಂದ ಮೇಲಕ್ಕೆ ಹೋಗೋ ಫೀಡ್‌ಬ್ಯಾಕ್ ಕಥೆ ಏನು? ನಮ್ಮಲ್ಲಿ ಈಚೆಗೆ "ಅನಾಮಧೇಯ" ಫಾರಂ ಕೊಟ್ಟರು, ಟೀಚರ್‌ಗಳ ಬಗ್ಗೆ ಬರೀರಿ ಅಂತ. ಡಿಪಾರ್ಟ್‌ಮೆಂಟಿನಲ್ಲಿ ವರ್ಷಕ್ಕೆ ಪಿಜಿ ಇಬ್ಬರು. ಅದರಲ್ಲಿ ಒಬ್ಬ ಎಡಗೈಯಲ್ಲಿ ಬರೀತಾನೆ, ಇನ್ನೊಬ್ಬಳ ಅಕ್ಷರ ಮುತ್ತಿನಂತಿದೆ. ಎಂಥಾ ಅನಾಮಧೇಯ!

—

ಲಾಗ್‌ಬುಕ್_ಹುಳು

ಹಹಾ. ನಾವು ಗೂಗಲ್ ಫಾರಂ ಮಾಡಿದರೂ ಭಾಷೆ ನೋಡಿ ಕಂಡುಹಿಡಿದರು. "ದಯಮಾಡಿ" ಅಂತ ಬರೆಯೋದು ನಾನೊಬ್ಬನೇ ಅಂತೆ.

—

ಚಾಕ್‌ಪೀಸ್

ಇಬ್ಬರೇ ಇದ್ದ ಕಡೆ ಅನಾಮಧೇಯ ಅನ್ನೋದು ಆಗದ ಮಾತು. ಒಂದೇ ದಾರಿ ಕಾಣುತ್ತೆ. ಮೂರು ವರ್ಷದ ಬ್ಯಾಚುಗಳದ್ದು, ನಾಲ್ಕೈದು ಡಿಪಾರ್ಟ್‌ಮೆಂಟುಗಳದ್ದು ಒಟ್ಟು ಸೇರಿಸಿ, ಅದೂ ರಿಸಲ್ಟ್ ಬಂದ ಮೇಲೆ ತಗೊಳ್ಳಬೇಕು. ಪಾಸ್ ಆದವರಿಗೆ ಹೆದರಿಕೆ ಇರಲ್ಲ. ಫಾರಂ ಎಚ್‌ಓಡಿ ಕೈಗೆ ಹೋಗಬಾರದು, ಮೆಡಿಕಲ್ ಎಜುಕೇಶನ್ ಯೂನಿಟ್‌ಗೆ ಹೋಗಬೇಕು. ಪ್ರಶ್ನೆಯೂ "ಟೀಚರ್ ಹೇಗಿದ್ದಾರೆ" ಅಂತ ಇರಬಾರದು. "ಹೋದ ತಿಂಗಳು ನೀವು ರೋಗಿಯನ್ನ ಪರೀಕ್ಷೆ ಮಾಡುವಾಗ ಎಷ್ಟು ಸಲ ಯಾರಾದರೂ ಪಕ್ಕದಲ್ಲಿ ನಿಂತು ನೋಡಿದರು?" ಅಂತ ಕೇಳಲಿ. ಅದಕ್ಕೆ ಉತ್ತರ ಬರೀ ಅಂಕಿ. ಅಕ್ಷರ ನೋಡಿ ಹಿಡಿಯೋಕೂ ಆಗಲ್ಲ, ಭಾಷೆ ನೋಡಿ ಹಿಡಿಯೋಕೂ ಆಗಲ್ಲ.

—

ಕೋಟೆ_ಸರ್ಜನ್

ಆ ಪ್ರಶ್ನೆ ನಮ್ಮ ಯೂನಿಟ್ಟಿನಲ್ಲಿ ಕೇಳಿದರೆ ಬಹಳ ಜನರ ಅಂಕಿ ಸೊನ್ನೆ ಬರುತ್ತೆ. ನನ್ನದು ಓಟಿಯಲ್ಲಿ ಬರಲ್ಲ, ಓಪಿಡಿಯಲ್ಲಿ ಬರಬಹುದು. ಸೋಮವಾರ ಅಕಾಡೆಮಿಕ್ ಮೀಟಿಂಗ್ ಇದೆ, ಅಲ್ಲಿ ಇದನ್ನ ಎತ್ತುತ್ತೇನೆ. ಚಾಕ್‌ಪೀಸ್ ಅವರೇ, ಆ ಪ್ರಶ್ನೆಗಳನ್ನ ಒಂದು ಹಾಳೆಯಲ್ಲಿ ಬರೆದು ಇಲ್ಲೇ ಹಾಕ್ತೀರಾ? ಐದಕ್ಕಿಂತ ಜಾಸ್ತಿ ಬೇಡ, ಜಾಸ್ತಿ ಇದ್ದರೆ ನಮ್ಮವರು ಟಿಕ್ ಹಾಕಿ ಬಿಟ್ಟುಬಿಡ್ತಾರೆ.